‘ಶೀ’ ಅಂದ್ರೆ ಅವಳಾ, ಆಕೆಯಾ, ಅವರಾ?

ಇವತ್ತು ನಾನು ಇಂಗ್ಲಿಷಿನ ಒಂದೇ ಒಂದು ಪದದ ಬಗ್ಗೆ ಮಾತಾಡ್ತೀನಿ. ‘ಶೀ’. ಒಂದನೇ ಕ್ಲಾಸಿನ ಪದ. ಇದರ ಬಗ್ಗೆ ಇಪ್ಪತ್ತು ನಿಮಿಷ ಏನ್ ಮಾತಾಡ್ತಾರೆ ಅಂತ ಅನ್ನಿಸಬಹುದು. ಸ್ವಲ್ಪ ತಡ್ಕೊಳ್ಳಿ.

ನಾನು ಧಾರವಾಡದವಳು, ಪುಣೆಯಲ್ಲಿ ಹದಿನಾಲ್ಕು ವರ್ಷದಿಂದ ಟೆಕ್ನಿಕಲ್ ರೈಟರ್. ಅಂದ್ರೆ ನೀವು ಕೋಡ್ ಬರೀತೀರಿ, ನಾನು ಅದರ ಮ್ಯಾನ್ಯುಅಲ್ ಬರೀತೀನಿ, ಅದನ್ನ ಯಾರೂ ಓದಲ್ಲ. ಆದ್ರೆ ಯಾರೂ ಓದದ ಪುಟದಲ್ಲೂ ಯೂಸರ್‌ಗೆ ಒಂದು ಸರ್ವನಾಮ ಬೇಕಲ್ಲ? ನನ್ನ ಕೆಲಸದಲ್ಲಿ ಅರ್ಧ ತಲೆನೋವು ಅದೇ.

ನಾಳೆ ಆಫೀಸಿನ ಕಾಲ್‌ನಲ್ಲಿ ಒಂದು ಗಮನಿಸಿ. ಮ್ಯಾನೇಜರ್ ಹೆಣ್ಣುಮಗಳು, ಇನ್ನೂ ಜಾಯಿನ್ ಆಗಿಲ್ಲ ಅಂತಿಟ್ಕೊಳ್ಳಿ. ನಮ್ಮ ಹುಡುಗರು ಹೀಗೆ ಹೇಳ್ತಾರೆ: “ಮ್ಯಾಮ್ ಈಸ್ ಇನ್ ಅನದರ್ ಕಾಲ್. ಮ್ಯಾಮ್ ವಿಲ್ ಜಾಯಿನ್ ಇನ್ ಫೈವ್ ಮಿನಿಟ್ಸ್. ಮ್ಯಾಮ್ ಹ್ಯಾಸ್ ಆಲ್ರೆಡಿ ಶೇರ್ಡ್ ದ ಫೈಲ್.” ಮೂರು ವಾಕ್ಯ, ಮೂರು ‘ಮ್ಯಾಮ್’, ಒಂದೂ ‘ಶೀ’ ಇಲ್ಲ. ಆ ಕಡೆ ಕೂತ ಅಮೆರಿಕದ ಕ್ಲೈಂಟಿಗೆ ಇದು ವಿಚಿತ್ರ ಕೇಳ್ಸುತ್ತೆ. ಒಬ್ಬರೇ ಮ್ಯಾಮಾ, ಮೂವರಾ? ಗ್ರಾಮರ್ ಗೊತ್ತಿಲ್ಲದೇ ಹೀಗೆ ಮಾತಾಡೋದಲ್ಲ ಇದು. ‘ಶೀ’ ಅನ್ನೋಕೆ ನಾಲಿಗೆ ಏಳಲ್ಲ, ಅಷ್ಟೇ.

ಯಾಕೆ ಏಳಲ್ಲ? ಕನ್ನಡ ಮೀಡಿಯಂನಲ್ಲಿ ಓದಿದವರಿಗೆಲ್ಲ ಆ ಕೋಷ್ಟಕ ಬಾಯಿಪಾಠ ಇದ್ದೇ ಇರುತ್ತೆ. ಹೀ ಅಂದ್ರೆ ಅವನು, ಶೀ ಅಂದ್ರೆ ಅವಳು, ಇಟ್ ಅಂದ್ರೆ ಅದು, ದೇ ಅಂದ್ರೆ ಅವರು. ಇಡೀ ಕ್ಲಾಸು ಒಂದೇ ರಾಗದಲ್ಲಿ ಕೂಗ್ತಿತ್ತು. ಆ ಕೋಷ್ಟಕದಲ್ಲಿ ‘ಇಟ್’ ಒಂದು ಬಿಟ್ಟು ಉಳಿದ ಮೂರೂ ಅರ್ಧ ಸತ್ಯ. ‘ಶೀ’ ಅಂದ್ರೆ ‘ಅವಳು’ ಅಂತ ಮನಸ್ಸಿನಲ್ಲಿ ಕೂತಿರೋದ್ರಿಂದ ಮ್ಯಾನೇಜರಿಗೋ ಅತ್ತೆಗೋ ‘ಶೀ’ ಅಂದ್ರೆ ಒಳಗೊಳಗೇ ಏಕವಚನದಲ್ಲಿ ಕರೆದ ಹಾಗೆ ಆಗುತ್ತೆ.

ಆದ್ರೆ ‘ಶೀ’ಯಲ್ಲಿ ಏಕವಚನದ ಆ ಖಾರ ಇಲ್ಲವೇ ಇಲ್ಲ. ಅದರಲ್ಲಿ ಗೌರವವೂ ಇಲ್ಲ, ಅಗೌರವವೂ ಇಲ್ಲ, ಸಲಿಗೆಯೂ ಇಲ್ಲ. ಬ್ರಿಟನ್ನಿನ ರಾಣಿಗೂ ‘ಶೀ’, ಅರಮನೆಯ ಕಸ ಗುಡಿಸುವವಳಿಗೂ ‘ಶೀ’. ಅದು ಹೇಳೋದು ಒಂದೇ ಮಾಹಿತಿ: ಮಾತಾಡ್ತಿರೋದು ಒಬ್ಬ ಹೆಣ್ಣಿನ ಬಗ್ಗೆ. ಕನ್ನಡದಲ್ಲಿ ಈ ಜಾಗಕ್ಕೆ ಕನಿಷ್ಠ ಮೂರು ಪದ ಇವೆ. ಅವಳು, ಆಕೆ, ಅವರು. ನಮ್ಮ ಕಡೆ ‘ಅಕಿ’ ಸೇರಿಸಿದ್ರೆ ನಾಲ್ಕು. ಯಾವುದನ್ನ ಆರಿಸ್ತೀವಿ ಅನ್ನೋದರಲ್ಲೇ ವಯಸ್ಸು, ಸಂಬಂಧ, ದೂರ, ಸಿಟ್ಟು ಎಲ್ಲ ಬಂದುಬಿಡುತ್ತೆ. ಪೇಪರ್ ತೆಗೆದು ನೋಡ್ರಿ. ಸಚಿವೆಗೆ ‘ಅವರು’. ಠಾಣೆಯ ಸುದ್ದಿಯಲ್ಲಿ ಬರೋ ಹೆಣ್ಣಿಗೆ ‘ಆಕೆ’. ಆರೋಪಿಯಾಗಿರಲಿ, ಅನ್ಯಾಯಕ್ಕೆ ಒಳಗಾದವಳೇ ಆಗಿರಲಿ, ಬಹಳ ಸಲ ‘ಆಕೆ’ಯೇ. ಇಂಗ್ಲಿಷ್ ಪೇಪರಿನಲ್ಲಿ ಈ ಮೂವರಿಗೂ ಒಂದೇ ‘ಶೀ’.

ಈಗ ತಮಾಷೆ ನೋಡಿ. ಕನ್ನಡದಲ್ಲಿ ಗೌರವ ಕೊಟ್ಟ ತಕ್ಷಣ ಲಿಂಗ ಮಾಯ ಆಗುತ್ತೆ. “ನಮ್ಮ ಬಾಸ್ ಬಂದ್ರು, ಬೈದ್ರು, ಹೋದ್ರು.” ಗಂಡೋ ಹೆಣ್ಣೋ? ಗೊತ್ತಾಗಲ್ಲ. ಒಂದು ಗಂಟೆ ನಿಮ್ಮ ಬಾಸನ್ನ ಬೈದರೂ ಕೇಳಿದವರಿಗೆ ಗೊತ್ತಾಗದೇ ಇರಬಹುದು. ತಮಿಳಿನ ‘ಅವಂಗ’ ಕೂಡ ಹೀಗೇ, ಚೆನ್ನೈನಲ್ಲಿ ಇರೋರು ಗಮನಿಸಿರ್ತೀರಿ. ಇಂಗ್ಲಿಷ್ ಇದಕ್ಕೆ ತದ್ವಿರುದ್ಧ. ಗೌರವ ಕೇಳಲ್ಲ, ಲಿಂಗ ಮಾತ್ರ ಎರಡನೇ ವಾಕ್ಯಕ್ಕೇ ಹೇಳಲೇಬೇಕು. ಮರಾಠಿಯವರಿಗೆ ಎರಡೂ ಬೇಕು. ‘ತೀ ಆಲೀ’ ಅಂದ್ರೆ ಅವಳು ಬಂದ್ಲು, ‘ತ್ಯಾ ಆಲ್ಯಾ’ ಅಂದ್ರೆ ಗೌರವದ ಹೆಣ್ಣು ಬಂದ್ರು, ‘ತೇ ಆಲೇ’ ಅಂದ್ರೆ ಗೌರವದ ಗಂಡು ಬಂದ್ರು. ಗೌರವವೂ ಉಳೀತು, ಹೆಣ್ಣು ಅನ್ನೋದೂ ಉಳೀತು. ಪುಣೆಗೆ ಬಂದ ಹೊಸತರಲ್ಲಿ ಈ ‘ತ್ಯಾ’ ನನಗೆ ಬಹಳ ಹಿಡಿಸಿತ್ತು. ನಮ್ಮಲ್ಲಿ ಅದಕ್ಕೊಂದು ಜಾಗವೇ ಇಲ್ಲ.

ಹೈದರಾಬಾದಿನವರಿಗೆ ಇನ್ನೊಂದು ಅನುಭವ ಆಗಿರುತ್ತೆ. ತೆಲುಗಿನಲ್ಲಿ ‘ಆಮೆ ವಚ್ಚಿಂದಿ’ ಅಂದ್ರೆ ಅವಳು ಬಂದ್ಲು, ‘ಅದಿ ವಚ್ಚಿಂದಿ’ ಅಂದ್ರೆ ಅದು ಬಂತು. ಕ್ರಿಯಾಪದ ಎರಡಕ್ಕೂ ಒಂದೇ. ಗಂಡಸಿಗೆ ಮಾತ್ರ ಬೇರೆ, ‘ವಚ್ಚಾಡು’. ಏಕವಚನದಲ್ಲಿ ಗಂಡು ಒಂದು ಕಡೆ, ಹೆಣ್ಣು ಮತ್ತು ವಸ್ತು ಇನ್ನೊಂದು ಕಡೆ. ಕನ್ನಡದ ಕಿವಿಗೆ ಇದು ಮೊದಮೊದಲು ಚುಚ್ಚುತ್ತೆ. ಅವರಿಗೆ ಏನೂ ಅನ್ನಿಸಲ್ಲ. ವ್ಯಾಕರಣ ಬೇರೆ, ಮನಸ್ಸು ಬೇರೆ ಅನ್ನೋದನ್ನ ನೆನಪಿಟ್ಕೋಬೇಕು, ಇಲ್ಲಾಂದ್ರೆ ಸುಮ್ನೆ ಜಗಳ.

ಅಂದ ಹಾಗೆ, ಇಂಗ್ಲಿಷಿನಲ್ಲಿ ‘ಶೀ’ ಯಾವತ್ತೂ ಒರಟಲ್ಲ ಅಂತೇನಿಲ್ಲ. ಆ ವ್ಯಕ್ತಿ ಅಲ್ಲೇ ಪಕ್ಕದಲ್ಲಿ ಕೂತಿದ್ದಾಗ ಹೆಸರು ಹೇಳದೆ ‘ಶೀ ಸೆಡ್’ ಅಂದ್ರೆ ಹಳೇ ಕಾಲದ ಬ್ರಿಟಿಷ್ ತಾಯಂದಿರು ಮಕ್ಕಳನ್ನ ಗದರ್ತಿದ್ರು, “ಶೀ ಅಂದ್ರೆ ಯಾರು, ಬೆಕ್ಕಿನ ತಾಯಿನಾ?” ಅಂತ. ಹಾಗಾಗಿ ಕಾಲ್‌ನಲ್ಲಿ ಮ್ಯಾಮ್ ಇದ್ದಾಗ ಒಮ್ಮೆ ಹೆಸರು ಹೇಳಿ, ಆಮೇಲೆ ‘ಶೀ’ ಅನ್ನಿ. ಹೆಸರು, ಆಮೇಲೆ ಸರ್ವನಾಮ. ಅಷ್ಟು ಸಾಕು, ಯಾರಿಗೂ ಬೇಜಾರಾಗಲ್ಲ.

ಗೌರವದ ಮಾತು ಬಂತಲ್ಲ, ಮನೆಯೊಳಗೂ ಒಮ್ಮೆ ನೋಡೋಣ. ಎಷ್ಟೋ ಕನ್ನಡದ ಮನೆಗಳಲ್ಲಿ “ಅಪ್ಪ ಬಂದ್ರು, ಅಮ್ಮ ಬಂದ್ಲು” ಅಂತಾರೆ. ಅಪ್ಪ ಬಹುವಚನ, ಅಮ್ಮ ಏಕವಚನ. ಹೆಂಡತಿ ಗಂಡನಿಗೆ ‘ನಮ್ಮನೆಯವರು’, ಗಂಡ ಹೆಂಡತಿಗೆ ‘ನಮ್ಮನೆಯವಳು’. ಹಾಗಂತ ಅಮ್ಮನಿಗೆ ಮರ್ಯಾದೆ ಕಮ್ಮಿ ಅಂತ ತೀರ್ಪು ಕೊಡೋಕೆ ನಾನು ತಯಾರಿಲ್ಲ. ಯಾಕಂದ್ರೆ ದೇವಿಗೂ ನಾವು ಏಕವಚನವೇ. “ಚಾಮುಂಡಿ ಕಾಯ್ತಾಳೆ”, “ಎಲ್ಲಮ್ಮ ನೋಡ್ಕೋತಾಳೆ” ಅಂತೀವಿ. ‘ಕಾಯ್ತಾರೆ’ ಅಂದ್ರೆ ದೇವಿ ಯಾವುದೋ ಇಲಾಖೆಯ ಆಫೀಸರ್ ಥರ ಕೇಳ್ಸುತ್ತೆ. ಆದ್ರೂ ಅಪ್ಪ ಯಾಕೆ ದೂರದ ಗೌರವಕ್ಕೆ, ಅಮ್ಮ ಯಾಕೆ ಹತ್ತಿರದ ಸಲಿಗೆಗೆ ಅನ್ನೋ ಪ್ರಶ್ನೆ ಉಳಿಯುತ್ತೆ. ಹೊರಗೆ ಬೆಳೆದ ನಮ್ಮ ಮಕ್ಕಳಿಗೆ ಇದು ಬೇಗ ಕಾಣುತ್ತೆ, ಯಾಕಂದ್ರೆ ಅವರ ತಲೆಯಲ್ಲಿ ‘ಹೀ’ ಮತ್ತು ‘ಶೀ’ ಒಂದೇ ಎತ್ತರದ ಎರಡು ಕುರ್ಚಿ.

ಈ ‘ಶೀ’ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ. ಹಳೇ ಇಂಗ್ಲಿಷಿನಲ್ಲಿ ಈ ಪದ ಇರಲಿಲ್ಲ. ಗಂಡಿಗೆ ‘ಹೇ’, ಹೆಣ್ಣಿಗೆ ‘ಹೇಓ’. ಕಾಲ ಕಳೆದ ಹಾಗೆ ಉಚ್ಚಾರ ಸವೆದು ಎಷ್ಟೋ ಕಡೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಆಗಿಹೋಯ್ತು. ಅವನು ಯಾರು, ಅವಳು ಯಾರು ಅಂತ ಗೊತ್ತಾಗದ ಸ್ಥಿತಿ. ಆ ಹೊತ್ತಿಗೆ ಹೊಸ ರೂಪ ಒಂದು ಕಾಣಿಸ್ಕೊಳ್ಳುತ್ತೆ. ಪೀಟರ್‌ಬರೋ ಎಂಬ ಊರಿನ ಮಠದಲ್ಲಿ ಸನ್ಯಾಸಿಗಳು ವರ್ಷವರ್ಷದ ವೃತ್ತಾಂತ ಬರೆದಿಡ್ತಿದ್ರು. ಅದರಲ್ಲಿ 1150ರ ಸುಮಾರಿಗೆ ಬರೆದ ಭಾಗದಲ್ಲಿ ಇವತ್ತಿನ ‘ಶೀ’ಯ ಮೊದಲ ರೂಪ ಸಿಗುತ್ತೆ. ಅದು ‘ಹೇಓ’ದಿಂದ ಹುಟ್ಟಿದ್ದೋ, ‘ಸೇಓ’ ಎಂಬ ಇನ್ನೊಂದು ಪದದಿಂದಲೋ ಅಂತ ವಿದ್ವಾಂಸರು ಇವತ್ತಿಗೂ ಒಪ್ಕೊಂಡಿಲ್ಲ. ಏನೇ ಇರಲಿ, ಜನರಿಗೆ ಬೇಕಿತ್ತು, ಬಂತು. ಸರ್ವನಾಮ ಅನ್ನೋದು ಬದಲಾಗದ ಕಲ್ಲು ಅಂತ ಯಾರಾದ್ರೂ ವಾದ ಮಾಡಿದ್ರೆ ಈ ಉದಾಹರಣೆ ಕೊಡಿ. ‘ದೇ’ ಕೂಡ ಇಂಗ್ಲಿಷಿನ ಸ್ವಂತದ್ದಲ್ಲ, ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಭಾಷೆಯ ಸಾಲ. ನಮ್ಮ ಹಾಗೇ ವಲಸೆ ಬಂದ ಪದ.

ಚೀನಾದ ಕತೆ ಇನ್ನೂ ಚೆನ್ನಾಗಿದೆ. ಅಲ್ಲಿ ಅವನು, ಅವಳು ಎರಡಕ್ಕೂ ‘ತಾ’ ಅಂತ ಒಂದೇ ಉಚ್ಚಾರ, ಒಂದೇ ಅಕ್ಷರ ಇತ್ತು. ಯುರೋಪಿನ ಪುಸ್ತಕಗಳನ್ನ ಅನುವಾದ ಮಾಡೋವಾಗ ‘ಶೀ’ಗೆ ಏನು ಬರೆಯೋದು ಅನ್ನೋ ಸಮಸ್ಯೆ ಬಂತು. 1920ರ ಹೊತ್ತಿಗೆ ಲಿಯು ಬಾನ್‌ನೋಂಗ್ ಎಂಬ ಕವಿ ಹೆಣ್ಣಿನ ಚಿಹ್ನೆ ಸೇರಿಸಿದ ಬೇರೆ ಅಕ್ಷರವನ್ನ ಬಳಕೆಗೆ ತಂದ್ರು. ಉಚ್ಚಾರ ಮಾತ್ರ ಇವತ್ತಿಗೂ ‘ತಾ’ನೇ. ಆದ್ರೆ ಗಮನಿಸಿ, ಗಂಡಿನ ಅಕ್ಷರದಲ್ಲಿ ಇರೋದು ‘ಗಂಡು’ ಎಂಬ ಚಿಹ್ನೆ ಅಲ್ಲ, ‘ಮನುಷ್ಯ’ ಎಂಬ ಚಿಹ್ನೆ.

ಈ ಮಾತನ್ನೇ ಕಾನೂನಿಗೆ ತಗೊಂಡು ಹೋಗ್ತೀನಿ. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಒಂದು ಶಾರ್ಟ್‌ಕಟ್ ಮಾಡ್ತು: ಕಾಯ್ದೆಗಳಲ್ಲಿ ಪುಲ್ಲಿಂಗ ಪದ ಇದ್ರೆ ಅದರಲ್ಲಿ ಹೆಂಗಸರೂ ಸೇರಿದ್ದಾರೆ ಅಂತ ತಿಳ್ಕೋಬೇಕು. ನಮ್ಮ 1860ರ ದಂಡ ಸಂಹಿತೆಯ 8ನೇ ಸೆಕ್ಷನ್ ಕೂಡ ಹಾಗೇ ಇತ್ತು, ‘ಹೀ’ ಅಂದ್ರೆ ಗಂಡೂ ಹೌದು, ಹೆಣ್ಣೂ ಹೌದು. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 13ನೇ ಸೆಕ್ಷನ್‌ನಲ್ಲೂ ಅದೇ ನಿಯಮ. ಕೋಡಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಡಿಫಾಲ್ಟ್ ವ್ಯಾಲ್ಯೂ ‘ಹೀ’.

ಸರಿ, ಹಾಗಾದ್ರೆ ನಿಜವಾಗ್ಲೂ ಹೆಂಗಸರು ಸೇರಿದ್ರಾ? 1867ರ ಸುಧಾರಣಾ ಕಾಯ್ದೆಯಲ್ಲಿ ಮತದಾನದ ಹಕ್ಕು ‘ಮ್ಯಾನ್’ಗೆ ಅಂತ ಇತ್ತು. ಮ್ಯಾಂಚೆಸ್ಟರಿನ ಸಾವಿರಾರು ಹೆಂಗಸರು, 1850ರ ನಿಯಮದ ಪ್ರಕಾರ ನಾವೂ ಇದರಲ್ಲಿ ಸೇರಿದೀವಲ್ಲ ಅಂತ ಹೆಸರು ಸೇರಿಸೋಕೆ ಕೇಳಿದ್ರು. 1868ರಲ್ಲಿ ಕೋರ್ಟ್ ಇಲ್ಲ ಅಂತು. ನಮ್ಮಲ್ಲಿ ರೆಜಿನಾ ಗುಹಾ ಅಂತ, ಕಲ್ಕತ್ತಾದಲ್ಲಿ ಕಾನೂನು ಓದಿ ಪಾಸಾದವರು. ಪ್ಲೀಡರ್ ಆಗಿ ನೋಂದಣಿ ಮಾಡಿ ಅಂತ ಅರ್ಜಿ ಹಾಕಿದ್ರು. 1916ರಲ್ಲಿ ಕಲ್ಕತ್ತಾ ಹೈಕೋರ್ಟಿನ ವಿಶೇಷ ಪೀಠ ಸೇರಿ, ಹೆಂಗಸರಿಗೆ ಅದು ಸಾಧ್ಯ ಇಲ್ಲ ಅಂತ ಹೇಳ್ತು. ಹೆಂಗಸರು ವಕೀಲರಾಗಬಹುದು ಅಂತ ಬೇರೆ ಕಾಯ್ದೆಯೇ ಬರಬೇಕಾಯ್ತು, 1923ರಲ್ಲಿ. ಅಂದ್ರೆ ಕಳ್ಳತನ ಮಾಡಿ ಸಿಕ್ಕಿಬಿದ್ರೆ ನೀನು ‘ಹೀ’ಯೊಳಗೆ ಇದೀಯ, ಜೈಲಿಗೆ ನಡಿ. ವಕೀಲಿಕೆ ಮಾಡ್ತೀನಿ ಅಂದ್ರೆ ನೀನು ಅದರೊಳಗೆ ಇಲ್ಲ. “ಹೀ ಅಂದ್ರೆ ಎಲ್ಲರೂ ಬಂದ ಹಾಗೇ ಅಲ್ಲವೇನ್ರೀ, ಯಾಕೆ ಇಷ್ಟು ರಗಳೆ” ಅಂತ ರಿವ್ಯೂ ಮೀಟಿಂಗಿನಲ್ಲಿ ಯಾರಾದ್ರೂ ಕೇಳಿದಾಗ ನನಗೆ ನೆನಪಾಗೋದು ಈ ರೆಜಿನಾ ಗುಹಾ.

ಈಗ 2023ಕ್ಕೆ ಬರೋಣ. ಆಗಸ್ಟ್‌ನಲ್ಲಿ ಬಂದ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಆಕ್ಟ್, ನಿಮ್ಮಲ್ಲಿ ಅರ್ಧ ಜನ ಅದರ ಕಂಪ್ಲಯನ್ಸ್ ಟ್ರೈನಿಂಗ್ ಕ್ಲಿಕ್ ಕ್ಲಿಕ್ ಅಂತ ಮುಗಿಸಿರ್ತೀರಿ. ಆ ಕಾಯ್ದೆಯಲ್ಲಿ ವ್ಯಕ್ತಿ ಅಂತ ಬಂದಲ್ಲೆಲ್ಲ ‘ಶೀ’, ‘ಹರ್’. ವ್ಯಾಖ್ಯೆಗಳ ಸೆಕ್ಷನ್‌ನಲ್ಲೇ ಹೇಳಿದಾರೆ: ‘ಶೀ’ ಅಂದ್ರೆ ಯಾವ ಲಿಂಗದವರಾದ್ರೂ ಸರಿ. ಭಾರತದ ಶಾಸನದ ಇತಿಹಾಸದಲ್ಲಿ ಹೀಗೆ ಮಾಡಿದ್ದು ಇದೇ ಮೊದಲು ಅಂತ ಸರ್ಕಾರವೂ ಹೇಳ್ತು. ಡಿಫಾಲ್ಟ್ ತಿರುಗಿಸಿಬಿಟ್ರು. ಅದೇ ವರ್ಷದ ಭಾರತೀಯ ನ್ಯಾಯ ಸಂಹಿತೆ ‘ಹೀ’ಯನ್ನೇ ಉಳಿಸ್ಕೊಂಡು, ಅದರೊಳಗೆ ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ಮೂವರೂ ಬರ್ತಾರೆ ಅಂತ ಬರೀತು. ಒಂದೇ ಪಾರ್ಲಿಮೆಂಟ್, ಒಂದೇ ವರ್ಷ, ಎರಡು ಸ್ಟೈಲ್ ಗೈಡ್.

ಇದು ನನ್ನ ಟೇಬಲ್ಲಿಗೂ ಬಂತು. ನಮ್ಮ ಒಂದು ಪ್ರೈವಸಿ ನೋಟಿಸಿನ ಕರಡಿನಲ್ಲಿ ಲಾಯರು ಕಾಯ್ದೆಯ ಭಾಷೆಯನ್ನೇ ಇಟ್ಟಿದ್ರು. ರಿವ್ಯೂಗೆ ಕಳಿಸಿದಾಗ ಒಬ್ಬ ಸೀನಿಯರ್ ಕಾಮೆಂಟ್ ಹಾಕಿದ್ರು: “ಟೈಪೋ ಇದೆ. ನಮ್ಮ ಕಸ್ಟಮರ್ಸ್ ಎಲ್ಲ ಲೇಡೀಸಾ? ಫೈಂಡ್ ಅಂಡ್ ರಿಪ್ಲೇಸ್ ಮಾಡಿ.” ನೂರಾ ಎಪ್ಪತ್ತು ವರ್ಷ ‘ಹೀ’ ಓದಿ ಹೆಂಗಸರು “ನಮ್ಮನ್ನೂ ಸೇರಿಸಿದಾರೆ” ಅಂತ ಸುಮ್ಮನಿದ್ರು. ಇವರಿಗೆ ಹತ್ತು ಪುಟ ‘ಶೀ’ ತಡೆಯೋಕೆ ಆಗಲಿಲ್ಲ. ಕಾಯ್ದೆಯ ಸೆಕ್ಷನ್ ಅಂಟಿಸಿ ಉತ್ತರ ಕೊಟ್ಟೆ, ನೋಟಿಸ್ ಹಾಗೇ ಹೋಯ್ತು.

ಇನ್ನು ಆ ಫೈಂಡ್ ಅಂಡ್ ರಿಪ್ಲೇಸ್. ಮಾಡಿ ನೋಡಿ, ಆಗಲ್ಲ. ‘ಶೀ’ ತೆಗೆದು ‘ಹೀ’ ಹಾಕೋದು ಸುಲಭ. ‘ಹರ್’ ತೆಗೆದು ಏನು ಹಾಕ್ತೀರಿ? ‘ಹರ್ ಡೇಟಾ’ ಇದ್ರೆ ‘ಹಿಸ್’, ‘ನೋಟಿಫೈ ಹರ್’ ಇದ್ರೆ ‘ಹಿಮ್’. ಅವಳ, ಅವಳನ್ನು, ಅವಳಿಗೆ ಮೂರೂ ಕೆಲಸವನ್ನ ಒಂದೇ ‘ಹರ್’ ಹೊತ್ತಿದೆ. ವಾಪಸ್ ಬರೋವಾಗ ಉಲ್ಟಾ ಸಮಸ್ಯೆ: ‘ಹಿಸ್’ ಎಲ್ಲೋ ‘ಹರ್’ ಆಗ್ಬೇಕು, ಎಲ್ಲೋ ‘ಹರ್ಸ್’. ಹೆಣ್ಣಿನ ಕಡೆ ಒಂದು ಪದಕ್ಕೆ ಗಂಡಿನ ಕಡೆ ಎರಡು, ಗಂಡಿನ ಕಡೆ ಒಂದಕ್ಕೆ ಹೆಣ್ಣಿನ ಕಡೆ ಎರಡು. ಸ್ಕ್ರಿಪ್ಟ್ ಬರೆದು ಮಾಡ್ತೀನಿ ಅಂದವರಿಗೆ ಶುಭವಾಗಲಿ. ‘ಹರ್ಸ್’ಗೆ ಅಪಾಸ್ಟ್ರಫಿ ಹಾಕಬೇಡಿ ಅಂತ ಮಾತ್ರ ಕೈಮುಗಿದು ಕೇಳ್ಕೋತೀನಿ.

ಇದರಲ್ಲಿ ಕನ್ನಡಿಗರಿಗೆ ಒಂದು ಲಾಭ ಇದೆ. ಹಿಂದಿಯವರು ಕೆಲವರು ‘ಹರ್ ವೈಫ್’, ‘ಹಿಸ್ ಹಸ್ಬೆಂಡ್’ ಅಂತ ಜಾರ್ತಾರಲ್ಲ, ಅದು ದಡ್ಡತನ ಅಲ್ಲ. ‘ಉಸ್ಕೀ ಪತ್ನಿ’ ಅನ್ನೋವಾಗ ‘ಕೀ’ ಬರೋದು ಹೆಂಡತಿಯನ್ನ ನೋಡಿ, ಗಂಡನನ್ನ ನೋಡಿ ಅಲ್ಲ. ಕನ್ನಡದ ‘ಅವನ ಹೆಂಡತಿ’ ಇಂಗ್ಲಿಷಿನ ಹಾಗೇ ಯಾರದು ಅನ್ನೋದನ್ನ ನೋಡುತ್ತೆ. ಮತ್ತೆ ಹಿಂದಿ, ಮರಾಠಿಯಲ್ಲಿ ಕುರ್ಚಿಗೂ ಲಿಂಗ ಇದೆ. ನಮಗೆ, ಇಂಗ್ಲಿಷರಿಗೆ, ಕುರ್ಚಿ ಬರೀ ‘ಅದು’.

ಬರೀ ಅಂದೆ, ಆದ್ರೆ ಇಂಗ್ಲಿಷರು ಹಡಗಿಗೆ ಮಾತ್ರ ‘ಶೀ’ ಅಂತಾರೆ. ಅದೂ ಕಮ್ಮಿಯಾಗ್ತಿದೆ. ಹಡಗು ಸುದ್ದಿಯ ಹಳೇ ಪತ್ರಿಕೆ ಲಾಯ್ಡ್ಸ್ ಲಿಸ್ಟ್ 2002ರಲ್ಲಿ ‘ಇಟ್’ಗೆ ಬದಲಾಯ್ತು, ರಾಯಲ್ ನೇವಿ ಬದಲಾಗಲಿಲ್ಲ. ಅಮೆರಿಕದಲ್ಲಿ 1953ರಿಂದ ಚಂಡಮಾರುತಕ್ಕೆ ಹೆಂಗಸರ ಹೆಸರೇ ಇಡ್ತಿದ್ರು, ಅಟ್ಲಾಂಟಿಕ್ ಕಡೆಯವಕ್ಕೆ ಗಂಡಸರ ಹೆಸರೂ ಸೇರಿದ್ದು 1979ರಲ್ಲಿ. ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬರೋದು ಅಲೆಕ್ಸಾ ರೂಪದಲ್ಲಿ. ಮಕ್ಕಳು “ಅಲೆಕ್ಸಾ ಹೇಳಿದ್ಲು” ಅಂತಾರೋ, “ಹೇಳ್ತು” ಅಂತಾರೋ? ಕನ್ನಡದ ಕ್ರಿಯಾಪದ ತಪ್ಪಿಸ್ಕೊಳ್ಳೋಕೆ ಬಿಡಲ್ಲ, ಏನಾದ್ರೂ ಒಂದು ಆರಿಸಲೇಬೇಕು. ಹೇಳಿದ ಕೆಲಸ ಮಾಡೋ ದನಿಗೆ ‘ಅವಳು’ ಅನ್ನೋದು ಅಷ್ಟು ಸಲೀಸಾಗಿ ಬರೋದು ನನಗೆ ಅಷ್ಟು ಇಷ್ಟ ಆಗಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದ್ಕೊಂಡು ಬಂದ ಮಾತು. ನನ್ನ ಗೆಳತಿ ಒಬ್ಬಳಿದಾಳೆ, ನಮ್ಮ ಹಾಗೇ ಐಟಿಯಲ್ಲಿ, ಕರ್ನಾಟಕದ ಹೊರಗೆ. ಊರು, ಕಂಪನಿ ಹೇಳಲ್ಲ. ಇಷ್ಟನ್ನ ಅವಳನ್ನ ಕೇಳಿಯೇ ಹೇಳ್ತಿದೀನಿ. ಹುಟ್ಟಿದಾಗ ಗಂಡುಮಗು ಅಂದ್ರು, ಅವಳು ಹೆಣ್ಣು. ಕೆಲವು ವರ್ಷದ ಹಿಂದೆ ಟೀಮಿಗೆ ಮೇಲ್ ಹಾಕಿದ್ಲು: ಇನ್ಮುಂದೆ ನನ್ನ ಹೆಸರು ಇದು, ದಯವಿಟ್ಟು ‘ಶೀ’ ಬಳಸಿ. ನಮ್ಮ ಲಿಂಗ ಯಾವುದು ಅಂತ ನಾವೇ ಗುರುತಿಸಿಕೊಳ್ಳುವ ಹಕ್ಕನ್ನ ಸುಪ್ರೀಂ ಕೋರ್ಟ್ 2014ರ ನಾಲ್ಸಾ ತೀರ್ಪಿನಲ್ಲಿ ಒಪ್ಪಿದೆ. ಆದ್ರೆ ಕ್ಯಾಂಟೀನಿಗೆ ತೀರ್ಪು ಬರಲ್ಲವಲ್ಲ.

ಇಂಗ್ಲಿಷ್ ಮೀಟಿಂಗ್‌ಗಳಲ್ಲಿ ಎರಡು ವಾರ ಎಡವಿದ್ರಂತೆ, ಆಮೇಲೆ ಸರಿಹೋಯ್ತು. ‘ಶೀ’ ಅನ್ನೋದು ಒಂದು ಸ್ವಿಚ್, ಒತ್ತಿದ್ರೆ ಮುಗೀತು. ಅಲ್ಲಿ ಐದಾರು ಕನ್ನಡದವರ ಗುಂಪು ಇತ್ತು, ಊಟ ಒಟ್ಟಿಗೇ. ಅವರಿಗೆ ಇನ್ನೂ ಸುಲಭ ಆಯ್ತು. ಕನ್ನಡದಲ್ಲಿ ‘ಅವರು’ ಇದೆಯಲ್ಲ! ಗಂಡೂ ಅಲ್ಲ, ಹೆಣ್ಣೂ ಅಲ್ಲ, ಯಾರಿಗೂ ನೋವಿಲ್ಲ, ಮೇಲಾಗಿ ಗೌರವ. ಎಲ್ಲರೂ ‘ಅವರು’ ಅಂದ್ರು, ‘ಬನ್ನಿ, ಕೂತ್ಕೊಳ್ಳಿ’ ಅಂದ್ರು. ನಮ್ಮ ಕನ್ನಡ ಎಷ್ಟು ಉದಾರ ಅಂತ ಅವರಿಗೆ ಖುಷಿಯೂ ಆಗಿರಬೇಕು.

ಆರು ತಿಂಗಳಾದ ಮೇಲೆ ಒಂದು ದಿನ ಊಟದ ಹೊತ್ತಿಗೆ ಅವಳು ಹೇಳಿದ್ಲಂತೆ: “ನೀವು ಹುಡುಗೀರು ನಿಮ್ಮ ನಿಮ್ಮಲ್ಲಿ ಬಾರೇ, ಹೋಗೇ, ಇವಳು ನೋಡೇ ಅಂತ ಮಾತಾಡ್ತೀರಿ. ಮೊನ್ನೆ ಸೇರಿದ ಟ್ರೈನಿ ಹುಡುಗಿಗೂ ಎರಡೇ ದಿನಕ್ಕೆ ‘ಏನೇ’ ಅಂದ್ರಿ. ನನಗೆ ಮಾತ್ರ ‘ಅವರು’. ನಾನು ಏನು ನಿಮ್ಮ ಕ್ಲೈಂಟಾ?”

ಒಂದು ನಿಮಿಷ ಯಾರೂ ಮಾತಾಡಲಿಲ್ಲವಂತೆ.

ಕನ್ನಡದಲ್ಲಿ ‘ಅವರು’ ಬಾಗಿಲು ತೆಗೆಯುತ್ತೆ, ಆದ್ರೆ ಪಡಸಾಲೆಯಲ್ಲೇ ಕೂರಿಸುತ್ತೆ. ಒಳಮನೆಗೆ ಕರೆಯೋದು ‘ಅವಳು’. ಇಂಗ್ಲಿಷಿನ ಒಂದು ‘ಶೀ’ ಅವಳಿಗೆ ಕೊಟ್ಟದ್ದು ಹೆಣ್ಣು ಎಂಬ ಒಪ್ಪಿಗೆ. ಅದನ್ನೇ ಕನ್ನಡದಲ್ಲಿ ಕೊಡಬೇಕಾದ್ರೆ ಏಕವಚನಕ್ಕೆ ಇಳೀಬೇಕು, ಸಲಿಗೆ ತೋರಿಸ್ಬೇಕು, ಅದಕ್ಕೆ ಧೈರ್ಯ ಬೇಕು. ಹಾಗಂತ ಎಲ್ಲ ಟ್ರಾನ್ಸ್ ಹೆಣ್ಣುಮಕ್ಕಳನ್ನೂ ನಾಳೆಯಿಂದ ‘ಏನೇ’ ಅನ್ನಿ ಅಂತ ನಾನು ಹೇಳ್ತಿಲ್ಲ, ಮಹಾರಾಯರೇ. ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರಿಗೆ ‘ಅವರು’ ಅನ್ನೋದು ಅವರು ಗಳಿಸಿದ ಗೌರವ, ಅದು ಹಾಗೇ ಇರಲಿ. ಪ್ರಶ್ನೆ ಸರಳ: ಅದೇ ವಯಸ್ಸಿನ, ಅದೇ ಸಂಬಂಧದ ಇನ್ನೊಬ್ಬಳಿಗೆ ಏನಂತೀರಿ? ಅದನ್ನೇ ಅನ್ನಿ. ಗೊತ್ತಾಗದಿದ್ರೆ ಕೇಳಿ. ಕೇಳಿದ್ರೆ ಬೇಜಾರಾಗಲ್ಲ ಅಂತ ಅವಳೇ ಹೇಳಿದಾಳೆ. ಈಗ ಆ ಗುಂಪಿನಲ್ಲಿ ಇಬ್ಬರು ‘ಏನೇ’ ಅಂತಾರೆ, ಉಳಿದವರು ಇನ್ನೂ ‘ಅವರು’. ಅವಳಿಗೆ ಆ ಇಬ್ಬರು ಯಾರು ಅಂತ ಚೆನ್ನಾಗಿ ಗೊತ್ತು.

ಕೊನೆಗೆ ಆಫೀಸಿನ ಒಂದು ಮಾತು, ನನ್ನನ್ನ ಬಹಳ ಜನ ಕೇಳೋದು. ಗಂಡೋ ಹೆಣ್ಣೋ ಗೊತ್ತಿಲ್ಲದವರಿಗೆ ಮೇಲ್ ಬರೀವಾಗ ಏನು ಮಾಡೋದು? ‘ಹೀ ಆರ್ ಶೀ’ ಅಂತ ಪ್ರತಿ ಸಾಲಿನಲ್ಲಿ ಬರೆದ್ರೆ ಬಾಡಿಗೆ ಕರಾರುಪತ್ರದ ಥರ ಆಗುತ್ತೆ. ‘ದೇ’ ಬರೀರಿ. ಒಬ್ಬರಿಗೂ ‘ದೇ’ ಬಳಸೋದನ್ನ ಎಪಿಎ ಕೈಪಿಡಿ 2019ರಲ್ಲೇ ಒಪ್ಪಿದೆ. ನಮಗಂತೂ ಇದು ಹೊಸದೇನಲ್ಲ, ಒಬ್ಬರಿಗೆ ‘ಅವರು’ ಅಂದುಕೊಂಡೇ ಬೆಳೆದವರು. ‘ಡಿಯರ್ ಸರ್’ ಬದಲು ಹೆಸರು ಹಾಕಿ. ಆ ಕಡೆಯವರ ಸಹಿಯ ಕೆಳಗೆ ‘ಶೀ, ಹರ್’ ಅಂತ ಇದ್ರೆ ಅದನ್ನ ಓದಿ, ಅದನ್ನೇ ಬಳಸಿ. ಬಹಳ ಜನ ಸಹಿಯವರೆಗೆ ಸ್ಕ್ರಾಲ್ ಮಾಡಲ್ಲ.